ಖಾಲಿ ಹೆಲ್ಮೆಟ್ಟಿನ ಪಟ್ಟಿ

ಲೋಕನಾಥನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ. ಕೆಪ್ಪಟ್ರಾಯ, ಸಿಡುಬು ಎಲ್ಲ ಸಣ್ಣವರಿರುವಾಗಲೇ ಬಂದು ಹೋದರೆ ಒಳ್ಳೆಯದು, ದೊಡ್ಡವರಾದ ಮೇಲೆ ಬಂದರೆ ಆಳನ್ನೇ ಮಲಗಿಸುತ್ತವೆ ಎನ್ನುತ್ತಾರಲ್ಲ, ಇದೂ ಹಾಗೆಯೇ ಆಯಿತು. ಅದುವರೆಗೆ ಅವನು ಯಾರನ್ನು ಕಂಡೂ ಕರುಬಿದವನಲ್ಲ. ದೊಡ್ಡಪ್ಪನ ಮಕ್ಕಳು ದುಬೈಗೆ ಹೋಗಿ ಬಂದು ಎರಡು ಮಾಳಿಗೆಯ ಮನೆ ಕಟ್ಟಿದರು. ಜೊತೆಯಲ್ಲಿ ಕೆಲಸಕ್ಕೆ ಸೇರಿದವರು ಪರೀಕ್ಷೆ ಬರೆದು ಮೇಲೆ ಮೇಲೆ ಹೋದರು. ಅವನು "ಒಳ್ಳೆದಾಯ್ತು ಮಾರಾಯ" ಎಂದು ಹೇಳಿ ತನ್ನ ರೈಲ್ವೆ ಗೇಟಿನ ಚಕ್ರ ತಿರುಗಿಸುತ್ತ ಇದ್ದ.

ಗಡಿನಾಡಿನ ಹೊಸಂಗಡಿಯ ಆಚೆ, ಹೈವೇಯಿಂದ ಕಡಲ ಕಡೆಗೆ ಇಳಿಯುವ ಒಂದು ಒಳರಸ್ತೆಯಲ್ಲಿ ಅವನ ಗೇಟು. ಕೆಲಸ ಇಷ್ಟೇ: ರೈಲು ಹೊರಡುವ ಮೊದಲು ಸ್ಟೇಷನ್ ಮಾಸ್ಟರು ಫೋನು ಮಾಡುತ್ತಾರೆ. ಇವನು ಗೇಟು ಹಾಕಿ "ಹಾಕಿದೆ" ಎನ್ನುತ್ತಾನೆ. ಅವರು ಮಲಯಾಳದಲ್ಲಿ ಒಂದು ಗುಟ್ಟಿನ ನಂಬರು ಹೇಳುತ್ತಾರೆ. ಅದನ್ನು ರಿಜಿಸ್ಟರಿನಲ್ಲಿ ಬರೆದು, ಹಸಿರು ಬಾವುಟ ಹಿಡಿದು ಹೊರಗೆ ನಿಲ್ಲಬೇಕು. ರೈಲು ಹೋದ ಮೇಲೆ ಗೇಟು ಎತ್ತಬೇಕು. ಆದರೆ ಗೇಟು ಹಾಕಿದ ಮೇಲೆ ರೈಲು ಬರುವವರೆಗೆ ಏಳೆಂಟು ನಿಮಿಷ ಉಳಿಯುತ್ತದಲ್ಲ, ಅದು ಲೋಕನಾಥನ ಸ್ವಂತ ಆಸ್ತಿ.

ಯಾಕೆಂದರೆ ಆ ಹೊತ್ತಿನಲ್ಲಿ ಊರಿನ ಜನ, ಪರವೂರಿನ ಜನ, ಯಾರೋ ಏನೋ, ಎಲ್ಲರೂ ಅವನ ಎದುರು ಬಂದು ನಿಲ್ಲಬೇಕು. ಗೇಟಿನ ಮುಂದೆ ನಿಂತವರು ಬಚ್ಚಲಿನೊಳಗೆ ಇರುವವರ ಹಾಗೆ, ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದೇ ತಿಳಿದಿರುತ್ತಾರೆ. ಹೆಂಡತಿಗೆ ಹೇಳಬೇಕಾದ ಸುಳ್ಳನ್ನು ಬೈಕಿನ ಮೇಲೆ ಕೂತೇ ತುಟಿಯಲ್ಲಿ ಅಭ್ಯಾಸ ಮಾಡುವ ಗಂಡಸು, ಮೀನಿನ ಬುಟ್ಟಿ ಕೆಳಗಿಟ್ಟು ನಿಂತ ಕಾರಿನ ಗಾಜಿನಲ್ಲಿ ಹಣೆಯ ಬೊಟ್ಟು ಸರಿ ಮಾಡಿಕೊಳ್ಳುವ ಹೆಂಗಸು, ಗೇಟು ಬಿದ್ದಾಗ ಜಗಳ ಶುರು ಮಾಡಿ ಏಳುವಷ್ಟರಲ್ಲಿ ಅದನ್ನು ಮುಗಿಸಿ ಐಸ್‌ಕ್ಯಾಂಡಿ ಹಂಚಿಕೊಳ್ಳುವ ಹೊಸ ದಂಪತಿ. ಲೋಕನಾಥ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ನೋಡುತ್ತಿದ್ದ. ರೈಲು ಹೋದ ಮೇಲೆ, ಕೈ ಖಾಲಿ ಇದ್ದರೆ, ಬಾವುಟದ ಪೆಟ್ಟಿಗೆಯ ಅಡಿಯಿಂದ ಖಾಕಿ ಬೈಂಡು ಹಾಕಿದ ಉದ್ದ ನೋಟ್‌ಬುಕ್ಕು ತೆಗೆದು ಒಂದು ವಾಕ್ಯ ಬರೆಯುತ್ತಿದ್ದ. ಮನಸ್ಸಾದರೆ ಎರಡು. ಕೆಲವು ವಾರ ಏನೂ ಇಲ್ಲ.

ಹನ್ನೊಂದು ವರ್ಷಕ್ಕೆ ಮೂರು ನೋಟ್‌ಬುಕ್ಕು. ಮನೆಯಲ್ಲಿ ತುಳು, ಫೋನಿನಲ್ಲಿ ಮಲಯಾಳ, ದೊಡ್ಡ ಸಾಹೇಬರು ಬಂದರೆ ಹಿಂದಿ. ಕನ್ನಡ ಮಾತ್ರ ಅವನಿಗೆ ಆ ನೋಟ್‌ಬುಕ್ಕಿನ ಭಾಷೆ, ಹತ್ತನೆಯ ಕ್ಲಾಸಿನವರೆಗೆ ಕಲಿತದ್ದು, ಒಗೆದು ಮಡಚಿಟ್ಟ ಬಿಳಿ ಪಂಚೆಯ ಹಾಗೆ ಇಟ್ಟುಕೊಂಡದ್ದು. ಮೀನಿನ ಬುಟ್ಟಿಯ ಹೆಂಗಸಿನ ಬಗ್ಗೆ ಎರಡು ಪುಟ ಬರೆಯಲು ಹದಿನಾಲ್ಕು ತಿಂಗಳು ಹಿಡಿದಿತ್ತು. ಅರ್ಜೆಂಟು ಎಂತ ಉಂಟು? ರೈಲಿಗೆ ಅರ್ಜೆಂಟು, ಗೇಟಿಗಲ್ಲ. ನೋಟ್‌ಬುಕ್ಕಿನ ಸಂಗತಿ ಯಾರಿಗೂ ಗೊತ್ತಿರಲಿಲ್ಲ, ಹೆಂಡತಿ ಪುಷ್ಪಾವತಿಗೂ.

ಆ ಮೂರನೆಯ ಪುಸ್ತಕದಲ್ಲಿ ನಾಲ್ಕು ವರ್ಷದಿಂದ ಕೂತಿದ್ದವನು ಕೆಂಪು ಹೆಲ್ಮೆಟ್ಟಿನವನು. ಅರುವತ್ತು ದಾಟಿದ ಮನುಷ್ಯ. ದಿನಾ ಮಧ್ಯಾಹ್ನ ಒಂದೂವರೆಗೆ ಕಡಲ ಕಡೆಯಿಂದ ಹಳೆಯ ಸ್ಕೂಟರಿನಲ್ಲಿ ಬರುವುದು, ಒಂದೂಮೂವತ್ತೈದರ ಗೂಡ್ಸು ಗಾಡಿಗೆ ಗೇಟು ಬಿದ್ದಿರುವುದು, ಲೋಕನಾಥನ ಗೇಟ್‌ರೂಮಿನ ಪಕ್ಕವೇ ಅವನು ನಿಲ್ಲುವುದು. ತಲೆಗೆ ಒಂದು ಕಪ್ಪು ಹೆಲ್ಮೆಟ್ಟು. ಹಿಂದಿನ ಸೀಟಿಗೆ ಕಟ್ಟಿದ್ದು ಇನ್ನೊಂದು, ಕೆಂಪು. ಹಿಂದೆ ಕೂತವರೂ ಹೆಲ್ಮೆಟ್ಟು ಹಾಕಬೇಕು ಎಂದು ಕಾನೂನು ಬಂದು, ರಸ್ತೆಗೆಲ್ಲ ಕ್ಯಾಮರಾ ಬಂದ ಮೇಲೆ ಎರಡೆರಡು ಹೆಲ್ಮೆಟ್ಟು ಒಯ್ಯುವುದು ದೊಡ್ಡ ಸಂಗತಿಯಲ್ಲ. ಆದರೆ ಇವನ ಹಿಂದೆ ನಾಲ್ಕು ವರ್ಷದಲ್ಲಿ ಒಂದು ದಿನವೂ ಯಾರೂ ಕೂತದ್ದಿಲ್ಲ. ಬಿಸಿಲಿಗೆ ಅದರ ಬಾಯಿಯನ್ನು ನೆರಳಿನ ಕಡೆ ತಿರುಗಿಸುತ್ತಾನೆ. ಮಳೆಗೆ ಅದಕ್ಕೆ ಪ್ಲಾಸ್ಟಿಕ್ಕು ಮುಚ್ಚಿ ತಾನು ನೆನೆಯುತ್ತಾನೆ. ಯಾರಿಗೆ ಅದು? ಕೇಳಿದರೆ ಮುಗಿದುಹೋಗುತ್ತಿತ್ತು. ಲೋಕನಾಥ ಕೇಳಲಿಲ್ಲ. ಕೇಳದೆ ಇರುವುದರಲ್ಲಿಯೇ ಅವನ ಸುಖ ಇದ್ದದ್ದು. ಒಂದೂವರೆಯಾಗುತ್ತಾ ಬಂದರೆ ಹೊಸ ಮದುಮಗನ ಹಾಗೆ ಕಡಲ ರಸ್ತೆ ನೋಡುತ್ತಿದ್ದ.

ಹೀಗಿರುವಾಗ ಬಂದಳು ಸೌದಾಮಿನಿ.

ಹತ್ತಿರದ ಮೀಂಜದವಳು, ಮೂವತ್ತಾರು ಮೂವತ್ತೇಳು ವಯಸ್ಸು, ಹಿಂದಿನವರು ನಿವೃತ್ತರಾದ ಜಾಗಕ್ಕೆ ವರ್ಗವಾಗಿ ಬಂದ ಗೇಟ್‌ಕೀಪರು. ಬೆಳಗಿನ ಪಾಳಿ ಇವನದ್ದಾದರೆ ಎರಡು ಗಂಟೆಗೆ ಅವಳು, ವಾರ ಬಿಟ್ಟು ವಾರ ಅದಲು ಬದಲು. ಕೆಲಸದಲ್ಲಿ ಚುರುಕು, ಹೇಳುವ ಹಾಗಿಲ್ಲ. ಆದರೆ ಬಾಯಿ! ಗೇಟು ಹಾಕಿದ ಕೂಡಲೇ ಕಟಕಟೆಗೆ ಒರಗಿ ಶುರು. "ಎಂತ ಅಕ್ಕ, ಇವತ್ತು ಬಂಗುಡೆ ಇಲ್ವಾ? ಕಾಲಿಗೆ ಎಂತಾಯ್ತು? ಮಗಳಿಗೆ ಸಂಬಂಧ ಆಯ್ತಾ?" ಹನ್ನೊಂದು ವರ್ಷ ಲೋಕನಾಥನ ಮುಂದೆ ಬಾಯಿ ಹೊಲಿದುಕೊಂಡು ನಿಂತಿದ್ದ ಜನ ಹದಿನೈದು ದಿನದಲ್ಲಿ ಅವಳ ಮುಂದೆ ತಮ್ಮ ಮೂರು ತಲೆಮಾರು ಬಿಚ್ಚಿಟ್ಟರು.

ಅಷ್ಟಕ್ಕೇ ಆಗಿದ್ದರೆ ಹೋಗಲಿ. ಅವಳು ಬರೆಯುತ್ತಿದ್ದಳು ಕೂಡ! ಮಂಗಳೂರಿನ ಒಂದು ಪೇಪರಿನ ಭಾನುವಾರದ ಪುಟದಲ್ಲಿ 'ಗೇಟು ಬಿದ್ದಿದೆ' ಅಂತ, ಅವಳ ಫೋಟೋ ಸಮೇತ. ಮೊದಲ ವಾರವೇ ಮೀನಿನ ಬುಟ್ಟಿಯ ಹೆಂಗಸು. ಅವಳ ಹೆಸರು ಪಂಕಜಾಕ್ಷಿಯಂತೆ, ಗಂಡ ಬಲೆ ನೇಯುವವನಂತೆ, ಮಗಳೊಬ್ಬಳು ನರ್ಸಂತೆ. ಎಲ್ಲ ಅರ್ಧ ಗಂಟೆಯಲ್ಲಿ ಬರೆದದ್ದಂತೆ. ಗೇಟಿನ ಪಕ್ಕದ ಗೂಡಂಗಡಿಯ ಲತೀಶ ಅದನ್ನು ಕತ್ತರಿಸಿ ಸೋಡಾ ಬಾಟಲಿಗಳ ಮೇಲೆ ಅಂಟಿಸಿದ. ಪಂಕಜಾಕ್ಷಿ ಬುಟ್ಟಿ ಇಳಿಸಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು ನಕ್ಕದ್ದನ್ನು ಲೋಕನಾಥ ಕಿಟಕಿಯಿಂದ ನೋಡಿದ. ಹದಿನಾಲ್ಕು ತಿಂಗಳು ಅವಳ ಬೊಟ್ಟು ನೋಡಿದವನು ಅವನು. ಅವಳು ಹೀಗೆ ನಕ್ಕದ್ದು ಮಾತ್ರ ಯಾವತ್ತೂ ಕಂಡಿರಲಿಲ್ಲ.

ಅವತ್ತು ಹೊಟ್ಟೆಯೊಳಗೆ ಯಾರೋ ಹಸಿ ಮೆಣಸು ಅರೆದ ಹಾಗಾಯಿತು.

ತನ್ನನ್ನು ಸಮಾಧಾನ ಮಾಡಿಕೊಳ್ಳಲು ಅವನು ಏನೆಲ್ಲ ಹೇಳಿಕೊಳ್ಳಲಿಲ್ಲ! ಅವಳು ಕೇಳಿ ಬರೆಯುವವಳು, ನಾನು ನೋಡಿ ಬರೆಯುವವನು. ಬಾಯಿಂದ ಬಂದದ್ದು ಬರೆಯಲು ಎಂತ ಕಷ್ಟ? ಪೊಲೀಸರೂ ಬರೆಯುತ್ತಾರೆ. ಎಲ್ಲ ಸರಿ, ಉರಿ ಆರಬೇಕಲ್ಲ? ಆರಲಿಲ್ಲ. ಪಾಳಿ ಬದಲಾಯಿಸುವಾಗ ಅವಳ ಟಿಫಿನ್ ಡಬ್ಬಿ ಕಂಡರೂ ಸಿಟ್ಟು. ಜನ ಅವನನ್ನು ನೋಡಿ "ಮೇಡಂ ಇಲ್ವಾ ಇವತ್ತು?" ಎಂದು ಕೇಳಿದರಂತೂ ಕೇಳಿದವರಿಗೆ ಗೇಟು ಎತ್ತಬಾರದು ಅನ್ನಿಸುವಷ್ಟು. ಅವಳು ಬರೆದದ್ದನ್ನು ಓದಬಾರದು ಎಂದು ಹಟ ಹಿಡಿಯುತ್ತಿದ್ದ, ಓದುತ್ತಿದ್ದ, ಒಂದು ತಪ್ಪು ಸಿಕ್ಕರೆ ಅನ್ನ ಸೇರುತ್ತಿತ್ತು.

ಒಂದು ಗುರುವಾರ ಅವನಿಗೆ ಚಾರ್ಜು ಕೊಟ್ಟು ಹೊರಡುವಾಗ ಅವಳೇ ಕರೆದಳು. "ಲೋಕಣ್ಣ, ಈ ಭಾನುವಾರ ಕೆಂಪು ಹೆಲ್ಮೆಟ್ಟಿನವ್ರದ್ದು. ಈ ವಾರ ನನ್ನ ಬೆಳಗಿನ ಪಾಳಿಯಲ್ವಾ, ಮೊನ್ನೆ ಡ್ಯೂಟಿ ಬಿಟ್ಟ ಮೇಲೆ ಬಸ್‌ಸ್ಟಾಪಿನಲ್ಲಿ ಕೂತು ಮಾತಾಡಿದೆ. ಎಂತ ಕಥೆ ಮಾರಾಯ್ರೆ! ನೀವು ಕೇಳಿದ್ರೆ ಕಣ್ಣೀರು ಹಾಕಿ ಕೂಗ್ತೀರಿ. ಹೇಳ್ಲಾ?"

"ಬೇಡ!" ಎಂದ ಲೋಕನಾಥ. ಎಷ್ಟು ಜೋರಾಗಿ ಎಂದರೆ ಲತೀಶ ಅಂಗಡಿಯಿಂದ ತಲೆ ಹೊರಗೆ ಹಾಕಿದ.

"ಅಯ್ಯೋ, ಬೇಡಾದ್ರೆ ಬೇಡ. ಪೇಪರಿನಲ್ಲಿ ಓದಿ" ಎಂದಳು ಪಾಪದವಳು.

ನಾಲ್ಕು ವರ್ಷ! ಆ ಬರಹಕ್ಕೆ ಇನ್ನು ಬೇಕಾದದ್ದು ಎರಡೇ ಎರಡು ವಾಕ್ಯ. ಅವು ತನ್ನ ಕಣ್ಣಿನಿಂದ ಬರಬೇಕು, ಅವಳ ಪೇಪರಿನಿಂದ ಅಲ್ಲ. ಒಮ್ಮೆ ಆ ಕಥೆ ಕಿವಿಗೆ ಬಿತ್ತೆಂದರೆ ಮತ್ತೆ ಕೆಂಪು ಹೆಲ್ಮೆಟ್ಟನ್ನು ನೋಡುವುದೆಲ್ಲಿ, ಅವಳು ಹೇಳಿದ್ದೇ ಕಾಣುತ್ತದೆ. ಹಾಗಾಗಿ ಲೋಕನಾಥ ಓಡತೊಡಗಿದ. ಭಾನುವಾರ ಬೆಳಿಗ್ಗೆ ಪುಷ್ಪಾವತಿ ಪೇಪರು ಬಿಡಿಸಿ, "ಹೋಯ್, ನಿಮ್ಮ ಸೌದಾಮಿನಿ ಇವತ್ತೂ ಬರೆದಿದ್ದಾಳೆ. ಕೇಳಿ" ಎಂದು ಓದಲು ಶುರು ಮಾಡಿದಾಗ, ಅವನು ಅಡುಗೆಮನೆಗೆ ನುಗ್ಗಿ ಮಿಕ್ಸಿ ಚಾಲು ಮಾಡಿದ.

"ಎಂತ ಅದು? ಕಾಯಿ ಹಾಕ್ಲೇ ಇಲ್ಲ ನಾನು!" ಎಂದು ಕೂಗಿದಳು ಪುಷ್ಪಾವತಿ. ಖಾಲಿ ಮಿಕ್ಸಿ ಭರ್ರೆಂದು ತಿರುಗಿತು. ಅವಳು ಓದಿ ಮುಗಿಸಿ ಸೆರಗಿನಿಂದ ಕಣ್ಣೊರಸಿಕೊಂಡ ಮೇಲೆಯೇ ಅವನು ಅದನ್ನು ನಿಲ್ಲಿಸಿದ್ದು.

ಆದರೂ ಮರುದಿನ ಲತೀಶನ ಅಂಗಡಿಯಲ್ಲಿ ಬೇಡವೆಂದರೂ ಕಣ್ಣಿಗೆ ತಲೆಬರಹ ಬಿತ್ತು: 'ಶಿವಸುಬ್ರಹ್ಮಣ್ಯ ಮಾಸ್ಟ್ರ ಕೆಂಪು ಹೆಲ್ಮೆಟ್ಟು'. ಹೋಯಿತು, ಹೆಸರು ಹೋಯಿತು. ಹೆಸರಿಲ್ಲದೆ ನಾಲ್ಕು ವರ್ಷ ಜೋಪಾನ ಮಾಡಿದ ಮನುಷ್ಯ ಒಂದು ಸಾಲಿನಲ್ಲಿ ಶಾಲೆ ಮಾಸ್ಟ್ರಾದ. ಲೋಕನಾಥ ಅರ್ಧ ಕುಡಿದ ಚಾ ಬಿಟ್ಟು ಬಂದ. ಇನ್ನು ತಡ ಮಾಡಿದರೆ ಉಳಿದದ್ದೂ ಹೋಗುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಅವನಿಗೆ ಬರೆಯುವುದರಲ್ಲಿ ಅವಸರ ಹುಟ್ಟಿತು. ಅವಸರ ಏನು ಮಾಡುತ್ತದೆ ಎಂಬುದು ಮಂಗಳವಾರ ಗೊತ್ತಾಯಿತು.

ಮಂಗಳವಾರ ಒಂದೂವರೆಗೆ ಗೇಟು ಹಾಕಿ ಫೋನು ಕಿವಿಗಿಟ್ಟಿದ್ದ. ಮೇಜಿನ ಮೇಲೆ ಎರಡು ಪುಸ್ತಕ ಬಿಚ್ಚಿತ್ತು, ಒಂದು ರೈಲ್ವೆಯದ್ದು, ಒಂದು ಅವನದ್ದು. ಹಿಂದೆಂದೂ ಹಾಗೆ ಮಾಡಿದವನಲ್ಲ. ಸ್ಕೂಟರು ಬಂದು ಕಿಟಕಿಯ ಹೊರಗೆ ನಿಂತಿತು. ಮಾಸ್ಟ್ರು ಎಂದಿನ ಹಾಗೆ ಕೆಂಪು ಹೆಲ್ಮೆಟ್ಟನ್ನು ನೆರಳಿಗೆ ತಿರುಗಿಸಿದರು. ಆಗ ಕಂಡಿತು. ನಾಲ್ಕು ವರ್ಷ ಕಾಣದ್ದು ಆಗ ಕಂಡಿತು. ಅದೇ ಹೊತ್ತಿಗೆ ಫೋನಿನಲ್ಲಿ ಸ್ಟೇಷನ್ ಮಾಸ್ಟರು ನಂಬರು ಹೇಳಿದರು, ನಲವತ್ತೇಳು. ಲೋಕನಾಥ ಎರಡನ್ನೂ ಬರೆದ, ಬಾವುಟ ಹಿಡಿದು ಓಡಿದ. ಗೂಡ್ಸು ಹೋಯಿತು, ಗೇಟು ಎದ್ದಿತು, ಎರಡು ಗಂಟೆಗೆ ಸೌದಾಮಿನಿಗೆ ಚಾರ್ಜು ಕೊಟ್ಟು, ಎದೆ ಉಬ್ಬಿಸಿಕೊಂಡು ಮನೆಗೆ ಹೋದ.

ಕೈ ತೊಳೆದು ಊಟಕ್ಕೆ ಕೂತಿದ್ದಾನೆ, ಫೋನು.

"ಲೋಕಣ್ಣ, ಒಂದೂಮೂವತ್ತೈದರ ಗೂಡ್ಸಿನ ನಂಬ್ರ ಎಲ್ಲಿ? ರಿಜಿಸ್ಟರಿನಲ್ಲಿ ಇಲ್ಲ. ಆ ಜಾಗದಲ್ಲಿ ಬೇರೆ ಎಂತದೋ ಬರ್ದಿದ್ದೀರಿ."

"ಎಂತ ಬರ್ದಿದ್ದೇನೆ?"

ಅವಳು ಓದಿದಳು, ಮೆಲ್ಲ, ಪ್ರತಿಯೊಂದು ಶಬ್ದವನ್ನೂ ಬಿಡಿಸಿ: "'ತನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಹಾಕದೆ ಬಿಡುವವನು, ಆ ಖಾಲಿ ಹೆಲ್ಮೆಟ್ಟಿನ ಪಟ್ಟಿಯನ್ನು ಮಾತ್ರ ದಿನಾ ಹಾಕಿಯೇ ತರುತ್ತಾನೆ.'"

ಅನ್ನ ಬಟ್ಟಲಲ್ಲೇ ಉಳಿಯಿತು. ಆಟೋ ಹಿಡಿದು ಗೇಟಿಗೆ ಬಂದ. ರಿಜಿಸ್ಟರಿನ ಹಾಳೆ ಹರಿಯುವ ಹಾಗಿಲ್ಲ, ಒಂದೊಂದಕ್ಕೂ ಲೆಕ್ಕ ಉಂಟು. ತಪ್ಪಿನ ಮೇಲೆ ಒಂದೇ ಒಂದು ಗೀಟು ಹಾಕಿ, ಸರಿಯಾದ್ದನ್ನು ಪಕ್ಕದಲ್ಲಿ ಬರೆದು ಸಹಿ ಮಾಡಬೇಕು. ಗೀಟಿನ ಅಡಿಯಲ್ಲಿ ತಪ್ಪು ಓದಲು ಬರುವಂತಿರಬೇಕು ಎಂದೂ ನಿಯಮ. ಇನ್‌ಸ್ಪೆಕ್ಟರು ಬಂದು ಕೇಳಿದರೆ ಮಂಡೆ ಬಗ್ಗಿಸಿ ಬೈಸಿಕೊಳ್ಳುವುದು. ಆದರೆ ಸರಿಯಾದ ನಂಬರು ಇದ್ದದ್ದು ಎಲ್ಲಿ? ಅವನ ನೋಟ್‌ಬುಕ್ಕಿನಲ್ಲಿ.

"ನಾನೂ ನೋಡ್ಬೇಕಲ್ಲ, ಲೋಕಣ್ಣ. ಚಾರ್ಜು ತಕೊಂಡದ್ದು ನಾನು" ಎಂದಳು ಸೌದಾಮಿನಿ. ನ್ಯಾಯವೇ. ಅವನು ಖಾಕಿ ಬೈಂಡು ಬಿಚ್ಚಿ, ಮಗಳನ್ನು ಧಾರೆ ಎರೆದು ಕೊಡುವವನ ಹಾಗೆ ಪುಸ್ತಕವನ್ನು ಅವಳ ಕೈಗೆ ಕೊಟ್ಟ.

ಅವಳು ನಲವತ್ತೇಳು ನೋಡಿದಳು. ಅಲ್ಲಿಗೆ ಮುಚ್ಚಬೇಕಿತ್ತು. ಹಿಂದಿನ ಪುಟ ತಿರುಗಿಸಿದಳು. ಅದರ ಹಿಂದಿನದ್ದು. ನಾಲ್ಕು ವರ್ಷದ ಐದು ಪುಟವನ್ನು ನಿಂತೇ ಓದಿದಳು. ಬಾಯಿ ಮುಚ್ಚಿಕೊಂಡು ಅವಳು ಅಷ್ಟು ಹೊತ್ತು ಇದ್ದದ್ದನ್ನು ಅವನು ಅದೇ ಮೊದಲು ಕಂಡದ್ದು.

"ಇಷ್ಟೇನಾ?"

"ಇಷ್ಟೇ. ಮುಗೀಲಿಲ್ಲ."

"ನಾನು ಅವ್ರ ಹತ್ರ ಮುಕ್ಕಾಲು ಗಂಟೆ ಕೂತಿದ್ದೆ. ಆ ಹೆಲ್ಮೆಟ್ಟು ನನ್ನ ಮೊಣಕಾಲಿಗೆ ತಾಗ್ತಾ ಇತ್ತು. ಪಟ್ಟಿ ಹಾಕಿತ್ತಾ ಇಲ್ವಾ, ನೋಡ್ಲೇ ಇಲ್ಲ ನಾನು" ಎಂದು ಪುಸ್ತಕವನ್ನು ಪಟ್ಟನೆ ಮುಚ್ಚಿ ಕೊಟ್ಟಳು. ಲೋಕನಾಥನಿಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಗೀಟು ಹಾಕಿದ, ಸಹಿ ಮಾಡಿದ, ಆ ಸಾಲನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡು, ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿ, ತಲೆ ತಗ್ಗಿಸಿ ಮನೆಗೆ ಬಂದ. ಇಷ್ಟು ವರ್ಷದ ಗುಟ್ಟು, ಹೋಗಿ ಹೋಗಿ ಅವಳ ಕೈಗೇ ಸಿಗಬೇಕಾ?

ಇನ್ನು ಶುಕ್ರವಾರ.

ಗೇಟು ಬಿದ್ದಿತ್ತು, ನಂಬರು ಸರಿಯಾದ ಪುಸ್ತಕದಲ್ಲಿತ್ತು. ಹೈವೇಯ ಕಡೆ, ಹಳಿಯ ಆಚೆ, ಸೌದಾಮಿನಿ ಬಸ್ಸಿಳಿದು ಬಂದು ಪಾಳಿಗೆ ಕಾಯುತ್ತ ಕೊಡೆ ಹಿಡಿದು ನಿಂತಿದ್ದಳು. ಈಚೆ ಸ್ಕೂಟರು ಬಂತು. ಮಾಸ್ಟ್ರು ಅವತ್ತು ಸ್ಕೂಟರಿನ ಮೇಲೆ ಕೂರಲಿಲ್ಲ. ಕೆಂಪು ಹೆಲ್ಮೆಟ್ಟನ್ನು ಸೀಟಿನಿಂದ ಬಿಚ್ಚಿ ಕಂಕುಳಲ್ಲಿ ಇರಿಸಿಕೊಂಡು ಲೋಕನಾಥನ ಹತ್ತಿರ ಬಂದರು.

"ಆ ಮೇಡಂ ಬರ್ದದ್ದು ಓದಿದಿರಾ?"

"ಇಲ್ಲ."

"ಓದ್ಬೇಡಿ. ಅವ್ರು ಕೇಳಿದ್ರು, ನಾನು ಎಂತದೋ ಒಂದು ಹೇಳಿದೆ. ಕೇಳಿದವ್ರಿಗೆಲ್ಲ ಒಂದೊಂದು ಹೇಳ್ತೇನೆ ನಾನು. ಪೆಟ್ರೋಲು ಪಂಪಿನವನಿಗೆ ಒಂದು, ನೆರೆಯವ್ರಿಗೆ ಒಂದು. ನೀವು ನಾಲ್ಕು ವರ್ಷದಲ್ಲಿ ಒಂದು ದಿವ್ಸ ಕೇಳ್ಲಿಲ್ಲ. ನೋಡ್ತಾ ಇದ್ರಿ, ನನಗೆ ಗೊತ್ತುಂಟು. ನಿಮಗೆ ಸರಿಯಾದ್ದು ಹೇಳ್ತೇನೆ."

ಅಬ್ಬ! ಅವಳ ಪೇಪರಿನ ಕಥೆ ಸುಳ್ಳು! ಫೋಟೋ ಸಮೇತ ಸುಳ್ಳು! ನಿಜ ತನ್ನ ಕೈಗೆ ತಾನಾಗಿ ನಡೆದು ಬಂದಿದೆ, ಅವಳು ಹಳಿಯ ಆಚೆ ನಿಂತು ನೋಡುತ್ತಿರುವಾಗಲೇ. ಕೇಳದೆ ಇರುವುದು, ನೋಡಿ ಬರೆಯುವುದು, ತನ್ನದೇ ಕಣ್ಣು, ಎಲ್ಲ ನೀತಿ ಎಲ್ಲಿ ಹೋಯಿತೋ. "ಹೇಳಿ" ಎಂದ.

ಮಾಸ್ಟ್ರು ಬಾಯಿ ತೆರೆದರು. ಗೂಡ್ಸು ಬಂತು.

ಅವತ್ತಿನದು ಸಾಮಾನ್ಯ ಗಾಡಿಯಲ್ಲ. ಐವತ್ತೆಂಟು ವ್ಯಾಗನು, ಎಲ್ಲ ಖಾಲಿ, ಒಂದೊಂದೂ ಹಳೆ ತಗಡಿನ ಹಾಗೆ ಬಡಿದುಕೊಳ್ಳುತ್ತ ಮೆಲ್ಲನೆ ಹೋಗುವಂಥದ್ದು. ಮಾಸ್ಟ್ರು ನಿಲ್ಲಿಸಲಿಲ್ಲ. ಮಾತಾಡುತ್ತಲೇ ಹೋದರು. ಬಾವುಟ ರೈಲಿಗೆ, ಕಣ್ಣು ಮಾಸ್ಟ್ರಿಗೆ ಕೊಟ್ಟು ಲೋಕನಾಥ ನಿಂತ. ಒಂದು ಶಬ್ದ ಕೇಳಿಸಲಿಲ್ಲ. ಕಿವಿ ಮುಂದೆ ತಂದ, ತಲೆ ಓರೆ ಮಾಡಿದ, ಉಹೂಂ. ತುಟಿ ಮಾತ್ರ ಅಲ್ಲಾಡುವುದು. ಎರಡು ಸಲ ನಕ್ಕರು. ಒಂದು ಸಲ ಕೆಂಪು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು, ಒಳಗೆ ನೋಡಿದರು, ತಿರುಗಿ ಹಾಕಿದರು. ಕೊನೆಯ ಡಬ್ಬಿಯ ಗಾರ್ಡು ಹಸಿರು ಬಾವುಟ ತೋರಿಸಿ ಹೋಗುವುದಕ್ಕೂ ಅವರ ಮಾತು ಮುಗಿಯುವುದಕ್ಕೂ ಸರಿಯಾಯಿತು.

"ಅಷ್ಟೇ" ಎಂದರು. ಮುಖ ಒಗೆದ ಬಟ್ಟೆಯ ಹಾಗಿತ್ತು. "ಹೇಳಿ ಹಗುರಾಯ್ತು. ಯಾರ ಹತ್ರಾನೂ ಹೇಳ್ಬೇಡಿ."

ಇನ್ನೊಮ್ಮೆ ಹೇಳಿ, ಕೇಳಿಸಲಿಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿದ ಮೇಲೆ ಹೇಗೆ ಹೇಳುವುದು?

"ಇಲ್ಲ, ಹೇಳುದಿಲ್ಲ" ಎಂದ ಲೋಕನಾಥ. ಮಾಸ್ಟ್ರು ಅವನ ಹೆಗಲು ಮುಟ್ಟಿ ಸ್ಕೂಟರು ಹತ್ತಿದರು. ಗೇಟು ಎದ್ದಿತು.

ಹಳಿ ದಾಟಿ ಸೌದಾಮಿನಿ ಹೆಚ್ಚುಕಡಿಮೆ ಓಡಿಯೇ ಬಂದಳು. ಕೊಡೆ ಮಡಚಲೂ ಮರೆತಿದ್ದಳು. "ಲೋಕಣ್ಣ, ಡಬ್ಬಿಗಳ ಎಡೆಯಿಂದ ನೋಡಿದೆ. ಅಷ್ಟು ಹೊತ್ತು ನಿಮ್ಮ ಹತ್ರ ಎಂತ ಹೇಳಿದ್ರು? ಪಟ್ಟಿ ಬಿಚ್ಚಿದ್ರಲ್ಲ, ಯಾಕೆ?"

"ಎಲ್ಲ ಹೇಳಿದ್ರು."

"ಎಂತ ಎಲ್ಲ?"

"ಯಾರ ಹತ್ರಾನೂ ಹೇಳ್ಬಾರ್ದು ಅಂತ ಮಾತು ತಕೊಂಡಿದ್ದಾರೆ."

ಆಗ ಅವನು ಅವಳ ಮುಖವನ್ನು ಸರಿಯಾಗಿ ನೋಡಿದ. ಆ ಮುಖದ ಗುರುತು ಅವನಿಗಿತ್ತು. ಎರಡು ತಿಂಗಳಿಂದ ದಾಡಿ ಮಾಡುವಾಗ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಅದೇ. "ನನಗೆ ಹೇಳಿದ್ದಕ್ಕಿಂತ ಹೆಚ್ಚಾ?" ಎಂದು ಕೇಳಿದಳು, ಮತ್ತೆ ಕೇಳಬಾರದಿತ್ತು ಎಂಬಂತೆ ರಿಜಿಸ್ಟರು ಬಿಡಿಸಿ ಕೂತಳು. ಬಿಡಿಸಿದ್ದು ಮಂಗಳವಾರದ ಪುಟ, ಗೀಟು ಹಾಕಿದ ಸಾಲು ಇದ್ದದ್ದು.

ಮನೆಗೆ ಹೋಗುವ ದಾರಿಯುದ್ದಕ್ಕೂ ಲೋಕನಾಥನ ಕಾಲು ನೆಲದ ಮೇಲಿರಲಿಲ್ಲ. ಊಟ ಮಾಡಿದ. ಹೇಗೂ ಸುಳ್ಳಲ್ವಾ, ಇನ್ನೆಂತ ಭಯ ಎಂದು ಪುಷ್ಪಾವತಿ ಉಪ್ಪಿನಕಾಯಿ ಭರಣಿಯ ಅಡಿಗೆ ಹಾಕಿದ್ದ ಭಾನುವಾರದ ಪೇಪರನ್ನು ಎಳೆದು ತೆಗೆದ. ಓದಿದ. ಮೊದಲ ಪ್ಯಾರಾದಲ್ಲಿ ತಪ್ಪು ಹುಡುಕಿದ, ಎರಡನೆಯದರಲ್ಲಿ ಹುಡುಕುವುದನ್ನು ಮರೆತ. ಚೆನ್ನಾಗಿತ್ತು. ಹಾಳಾದ್ದು, ಬಹಳ ಚೆನ್ನಾಗಿತ್ತು. ಪೂರಾ ಸುಳ್ಳೆಂದು ಗೊತ್ತಿದ್ದೂ ಕೊನೆಗೆ ಬರುವಾಗ ಅಕ್ಷರಗಳು ಮಂಜಾದವು. ಆರಿದ್ದ ಹೊಟ್ಟೆ ಭಗ್ಗೆಂದು ಹತ್ತಿಕೊಂಡಿತು.

ಆ ಉರಿಯಲ್ಲೇ ನೋಟ್‌ಬುಕ್ಕು ತೆಗೆದು ಕೊನೆಯ ವಾಕ್ಯ ಬರೆದ. ಬೇಕಿದ್ದ ಎರಡರಲ್ಲಿ ಒಂದು ಮಂಗಳವಾರ ಸಿಕ್ಕಿತ್ತು, ಇದು ಎರಡನೆಯದು. ಹನ್ನೊಂದು ವರ್ಷದಲ್ಲಿ ಯಾರಿಗೂ ಓದಿ ಹೇಳದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪುಷ್ಪಾ, ಇದನ್ನು ಸ್ವಲ್ಪ ಕೇಳು" ಎಂದ. ಐದು ಪುಟ ಓದಿದ. ಪಟ್ಟಿಯ ಸಾಲು ಓದಿದ. ಕೊನೆಯದನ್ನೂ ಓದಿದ: "'ಅವರು ಎಲ್ಲವನ್ನೂ ಹೇಳಿದರು, ರೈಲು ಕೇಳಿಸಿಕೊಂಡಿತು.'"

ಪುಷ್ಪಾವತಿ ಕಾಯಿ ತುರಿಯುವುದನ್ನು ನಿಲ್ಲಿಸಿದಳು. "ಮತ್ತೆ?"

"ಮತ್ತೆ ಇಲ್ಲ. ಮುಗೀತು."

"ಅಯ್ಯೋ ದೇವ್ರೇ! ಹೆಲ್ಮೆಟ್ಟು ಯಾರದ್ದು ಅಂತಲೇ ಗೊತ್ತಾಗ್ಲಿಲ್ಲ. ಇದನ್ನೇ ಆ ಸೌದಾಮಿನಿ ಬರ್ದಿದ್ರೆ ಎಷ್ಟು ಲಾಯ್ಕ ಬರೀತಿದ್ದಳು!"

ಲೋಕನಾಥ ಪುಸ್ತಕ ಮುಚ್ಚಿದ. ಸೀದಾ ಹೋಗಿ ಖಾಲಿ ಮಿಕ್ಸಿ ಚಾಲು ಮಾಡಿದ.